ಒಳಲೆ ಕೇಳಿದರೆ ಬಾಟಲಿ ತೋರಿಸ್ತಾರೆ!

ಮಂಡ್ಯ: ಮೊನ್ನೆ ಸಂಜೆ ಪಾತ್ರೆ ಅಂಗಡಿಯೊಂದರ ಮುಂದೆ ಕಂಡ ದೃಶ್ಯವಿದು. ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡ ಅಜ್ಜಿಯೊಬ್ಬರು, “ಏನಪ್ಪಾ, ಒಳಲೆ ಅದಾ?” ಅಂದರು.

“ಹರಳೆಣ್ಣೆ ಕುಡ್ಸೋಕಾ ಅಜ್ಜೀ? ಈಗ್ಯಾರು ಕುಡುಸ್ತಾರೆ, ತರಿಸೋದೇ ಬಿಟ್ಟಿದ್ದೀವಿ.”

“ಎಣ್ಣೆಗಲ್ಲ ಕಣಪ್ಪ, ಮೊಮ್ಮಗೀಗೆ ಹಾಲು ಕುಡ್ಸೋಕೆ. ಅಂಗುಳು ಸೀಳ್ಕಂಡದೆ, ಕುಡಿದಿದ್ದೆಲ್ಲ ಮೂಗ್ನಲ್ಲಿ ಬತ್ತದೆ.”

ಅಂಗಡಿಯವರು ಪಕ್ಕದ ಅಂಗಡಿಗೆ ಕೈ ತೋರಿದರು. ಅಲ್ಲಿ ಮುಂದಿಟ್ಟಿದ್ದು ಹಾಲಿನ ಬಾಟಲಿ!

ಅಜ್ಜಿ ಕೇಳಿದ್ದೇ ಸರಿ. ಮಗು ಹಾಲು ಚೀಪಬೇಕಾದರೆ ಬಾಯಿ ಬಿಗಿಯಾಗಿ ಮುಚ್ಚಿ ಗಾಳಿ ಎಳೆಯಬೇಕು. ಅಂಗುಳು ಸೀಳಿದ್ದರೆ ಗಾಳಿ ಮೂಗಿನಿಂದ ಸೋರುತ್ತದೆ. ಎಳೆದೂ ಎಳೆದೂ ಮಗು ಸುಸ್ತಾಗಿ ನಿದ್ದೆ ಹೋಗುತ್ತದೆ. ಮನೆಯವರು ಹೊಟ್ಟೆ ತುಂಬಿತು ಅಂದುಕೊಳ್ಳುತ್ತಾರೆ, ತೂಕ ಮಾತ್ರ ಏರೋದಿಲ್ಲ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳದೂ ಇದೇ ಪಾಡು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರೂ ಹೊಂದಿಕೊಳ್ಳುವುದು ಗರ್ಭದ 34ನೇ ವಾರದ ಹೊತ್ತಿಗೆ. ಅದಕ್ಕೇ ಆಸ್ಪತ್ರೆಗಳಲ್ಲಿ ತಾಯಿಯ ಹಾಲನ್ನೇ ಹಿಂಡಿ, ಇದೇ ಒಳಲೆಯಲ್ಲಿ ಕುಡಿಸುತ್ತಾರೆ. ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ.

ಆದರೆ ಕುಡಿಸುವ ರೀತಿ ಹಳೇದಾಗಕೂಡದು. ಕಾಲು ಚಾಚಿ, ಅದರ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಅಳುವಾಗ ಗೊಟಕ್ಕನೆ ಸುರಿಯೋದು ಅಪಾಯ. ಹಾಲು ಶ್ವಾಸಕೋಶಕ್ಕೆ ಇಳಿದೀತು. ತಲೆ ಮೇಲಿರುವಂತೆ ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ತುಟಿಯ ಅಂಚಿಗಿಟ್ಟು, ಒಂದೊಂದೇ ಗುಟುಕು. ನುಂಗಿದ ಮೇಲೆ ಇನ್ನೊಂದು. ನಡುವೆ ತೇಗಿಸಬೇಕು. ಕುಡಿಯುವಾಗ ಕೆಮ್ಮಿದರೆ ನಿಲ್ಲಿಸಿ. ತುಟಿ ನೀಲಿಯಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ. ಒಳಲೆಯನ್ನು ತೊಳೆದು, ಪ್ರತಿಸಲ ನೀರಿನಲ್ಲಿ ಕುದಿಸುವುದು ಮರೆಯಬಾರದು.

ತೂಕಕ್ಕೆ ಯಾಕಿಷ್ಟು ಮಹತ್ವ? ಸೀಳುತುಟಿಯ ಆಪರೇಷನ್‌ಗೆ ವೈದ್ಯರದೊಂದು ಹಳೇ ಲೆಕ್ಕವಿದೆ: ಹತ್ತು ವಾರ ವಯಸ್ಸು, ಹತ್ತು ಪೌಂಡು ತೂಕ, ರಕ್ತದಲ್ಲಿ ಹತ್ತು ಗ್ರಾಂ ಹಿಮೋಗ್ಲೋಬಿನ್. ಹತ್ತು ಪೌಂಡೆಂದರೆ ಸುಮಾರು ನಾಲ್ಕೂವರೆ ಕೆ.ಜಿ. ಅಂಗುಳಿನ ಸರದಿ ಸಾಮಾನ್ಯವಾಗಿ ವರ್ಷದ ಆಸುಪಾಸಿಗೆ. ಅಲ್ಲಿಯವರೆಗೆ ಮಗುವನ್ನು ದಾಟಿಸಬೇಕಾದ್ದು ಮನೆಯವರೇ.

ಮನೆಯಲ್ಲೋ, ಗ್ರಹಣದ ಹೊತ್ತಲ್ಲಿ ತರಕಾರಿ ಹೆಚ್ಚಿದೆ ಅಂತ ಬಾಣಂತಿಗೇ ಬೈಗುಳ! ತುಟಿ, ಅಂಗುಳು ಕೂಡಿಕೊಳ್ಳುವುದು ಬಸಿರಿನ ಮೊದಲ ಮೂರು ತಿಂಗಳಲ್ಲಿ. ಅದಕ್ಕೂ ಈಳಿಗೆಮಣೆಗೂ ಯಾವ ಸಂಬಂಧವೂ ಇಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳು ಸೇರಿವೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಗೋ ಅಂಗನವಾಡಿಗೋ ಹೇಳಿದರೆ ದಾರಿ ತೋರಿಸುತ್ತಾರೆ. ನುಂಗುವುದು, ಮಾತು ಎರಡರ ತೊಂದರೆಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಲ್ಲಿಂದ ಬಸ್ಸಿಗೇನು ಬರವೇ?

ಅಂಗಡಿಯವರಿಗೂ ಒಂದು ಮಾತು. 1992ರ ಕಾನೂನಿನ ಪ್ರಕಾರ ಹಾಲುಣಿಸುವ ಬಾಟಲಿಗೆ ಜಾಹೀರಾತು ಕೂಡದು, ಕೊಂಡರೆ ಇನಾಮು ಅನ್ನುವಂತೆಯೂ ಇಲ್ಲ. ಮಾರಬಾರದು ಅಂತಿಲ್ಲ, ನಿಜ. ಆದರೆ ಒಳಲೆಗೂ ಒಂದು ಮೊಳೆ ಜಾಗ ಕೊಡಬಾರದೇ ಸ್ವಾಮಿ?

ಅಜ್ಜಿಗೆ ಸಿಕ್ಕಿದ್ದು ಮೂರನೇ ಅಂಗಡಿಯಲ್ಲಿ. ಹುಡುಗ ಅಟ್ಟ ಹತ್ತಿ, ಧೂಳು ಕೊಡವಿ ಎರಡು ಸ್ಟೀಲ್ ಒಳಲೆ ಇಳಿಸಿದ. ಅಜ್ಜಿ ಒಂದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಮಳವಳ್ಳಿ ಬಸ್ಸಿನ ಕಡೆ ಬಿರಬಿರನೆ ನಡೆದರು.