ಫ್ರೆಂಚ್ ಅಂಚೆಚೀಟಿಗಳ ಮೇಲಣ ಲಾಂಛನಗಳು

ಹಳೆಯ ಅಂಚೆಚೀಟಿಗಳನ್ನು ಕೂಡಿಹಾಕುವುದು ಹುಡುಗರ ಆಟವೆಂದೂ, ವಯಸ್ಸಾದವರು ಅದಕ್ಕೆ ಕೈಹಾಕಿದರೆ ಅದು ಹೊತ್ತುಹೋಗದವರ ಕೆಲಸವೆಂದೂ ಹೇಳುವವರುಂಟು. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ಹೊತ್ತು ಕಳೆಯುವುದಕ್ಕಾಗಿಯೇ ಬಾಲ್ಯದ ತಗಡಿನ ಪೆಟ್ಟಿಗೆಯನ್ನು ಮತ್ತೆ ತೆರೆದೆನು. ಅದರಲ್ಲಿ ಫ್ರಾನ್ಸು ದೇಶದ ಲಾಂಛನಗಳುಳ್ಳ ಚೀಟಿಗಳು ಕೆಲವಿದ್ದುವು. ಬಾಲ್ಯದಲ್ಲಿ ಅವುಗಳ ಬಣ್ಣಕ್ಕೆ ಮರುಳಾಗಿದ್ದ ನಾನು, ಈಗ ಅವುಗಳನ್ನು ಓದುವುದಕ್ಕೆ ಕಲಿತೆನು. ಓದಿದ ಮೇಲೆ ತಿಳಿದುಬಂದ ಒಂದು ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಲಾಂಛನವೆಂದರೇನೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಾಲುಕ್ಯರ ವರಾಹವನ್ನೂ ಮೈಸೂರಿನ ಗಂಡಭೇರುಂಡವನ್ನೂ ನಾವು ಬಲ್ಲೆವು. ಯೂರೋಪಿನಲ್ಲಿ ಹನ್ನೆರಡನೆಯ ಶತಮಾನದಿಂದೀಚೆಗೆ ಈ ಪದ್ಧತಿಯು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಶಿರಸ್ತ್ರಾಣವನ್ನು ಧರಿಸಿದ ಯೋಧನ ಮುಖವು ಕಾಣದು. ಆದುದರಿಂದ ಅವನ ಗುರಾಣಿಯ ಮೇಲಿನ ಗುರುತೇ ಅವನ ಹೆಸರಾಯಿತು. ಕಾಲಾನುಕ್ರಮದಲ್ಲಿ ವಂಶಗಳಿಗೂ ನಗರಗಳಿಗೂ ಪ್ರಾಂತಗಳಿಗೂ ಲಾಂಛನಗಳು ದೊರೆತುವು. ಲಾಂಛನವು ಗುರಾಣಿಯ ಆಕಾರದಲ್ಲಿರುವುದಕ್ಕೆ ಕಾರಣವಿದೇ.

ಈ ಶಾಸ್ತ್ರಕ್ಕೆ ಒಂದು ಸಣ್ಣ ವ್ಯಾಕರಣವಿದೆ. ಸುವರ್ಣ ರಜತಗಳೆರಡು ಲೋಹಗಳು. ಕೆಂಪು, ನೀಲಿ, ಕಪ್ಪು, ಹಸುರು, ಧೂಮ್ರ ಇವು ವರ್ಣಗಳು. ಲೋಹದ ಮೇಲೆ ಲೋಹವನ್ನಾಗಲಿ ವರ್ಣದ ಮೇಲೆ ವರ್ಣವನ್ನಾಗಲಿ ಇಡಬಾರದೆಂಬುದು ಮುಖ್ಯ ಸೂತ್ರ. ರಣರಂಗದಲ್ಲಿ ದೂರದಿಂದಲೇ ಗುರುತು ಸಿಕ್ಕಬೇಕೆಂಬುದೇ ಇದರ ತಾತ್ಪರ್ಯವು. ನೀಲಿ ನೆಲದ ಮೇಲೆ ಬಂಗಾರದ ಮೂರು ಲಿಲಿ ಹೂಗಳಿರುವ ಈಲ್-ದ-ಫ್ರಾನ್ಸಿನ ಚೀಟಿಯನ್ನೂ, ಕೆಂಪು ನೆಲದ ಮೇಲೆ ಬಂಗಾರದ ಎರಡು ಚಿರತೆಗಳಿರುವ ನಾರ್ಮಂಡಿಯ ಚೀಟಿಯನ್ನೂ ನೋಡಿದರೆ ಸೂತ್ರವು ತಾನಾಗಿಯೇ ಸ್ಪಷ್ಟವಾಗುವುದು. ಇನ್ನೊಂದು ಮಾತನ್ನು ಹೊಸಬರು ನೆನಪಿನಲ್ಲಿಡಬೇಕು. ಲಾಂಛನದ ಬಲಭಾಗವೆಂದರೆ ಗುರಾಣಿಯನ್ನು ಹಿಡಿದವನ ಬಲ. ಎದುರು ನಿಂತು ನೋಡುವ ನಮಗೆ ಅದು ಎಡ.

ಬಣ್ಣವಿಲ್ಲದೆ ಒಂದೇ ಶಾಯಿಯಲ್ಲಿ ಅಚ್ಚಾದ ಲಾಂಛನವನ್ನು ಓದುವುದಕ್ಕೂ ಉಪಾಯವಿದೆ. ಹದಿನೇಳನೆಯ ಶತಮಾನದಲ್ಲಿ ಪೆತ್ರಾ ಸಾಂಕ್ತಾ ಎಂಬ ಇಟಲಿಯ ಪಾದ್ರಿಯು ಪ್ರಚಾರಕ್ಕೆ ತಂದ ಪದ್ಧತಿಯ ಪ್ರಕಾರ ಅಡ್ಡಗೆರೆಗಳು ನೀಲಿಯನ್ನು, ನೆಟ್ಟಗೆರೆಗಳು ಕೆಂಪನ್ನು, ಎರಡೂ ಕೂಡಿದ ಜಾಲವು ಕಪ್ಪನ್ನು, ಚುಕ್ಕೆಗಳು ಸುವರ್ಣವನ್ನು, ಖಾಲಿ ಬಿಟ್ಟ ಜಾಗವು ರಜತವನ್ನು ಸೂಚಿಸುತ್ತವೆ. ಭೂತಗನ್ನಡಿಯೊಂದು ಕೈಯಲ್ಲಿದ್ದರೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಒಗಟು ಬೇಕಾಗಿಲ್ಲ.

ಸಂಸ್ಕೃತವನ್ನೋದಿದವನಿಗೆ ಮತ್ತೊಂದು ಸಂತೋಷವೂ ಇಲ್ಲಿ ಕಾದಿದೆ. ಅದೇ ಶ್ಲೇಷ. ಫ್ರೆಂಚರು ಕೆಲವು ಲಾಂಛನಗಳನ್ನು 'ಮಾತನಾಡುವ ಲಾಂಛನ'ಗಳೆಂದು ಕರೆಯುತ್ತಾರೆ. ಲಿಯೋಂ ನಗರಕ್ಕೆ ಸಿಂಹ. ಹೆಸರಿನ ಧ್ವನಿಯೇ ಸಿಂಹವೆಂಬ ಶಬ್ದವನ್ನು ಹೋಲುತ್ತದೆ. ಲೀಲ್ ನಗರಕ್ಕೆ ಲಿಲಿ ಹೂವು. ದೋಫಿನೇ ಪ್ರಾಂತಕ್ಕೆ 'ದೋಫ್ಯಾಂ' ಎಂಬ ಕಡಲಪ್ರಾಣಿ. ಲೋರೇನಿನ ಲಾಂಛನದಲ್ಲಿ ಕೊಕ್ಕೂ ಕಾಲೂ ಇಲ್ಲದ ಮೂರು ಬಿಳಿಯ ಹದ್ದುಗಳಿವೆ. ಅವಕ್ಕೆ 'ಅಲೇರಿಯೋಂ' ಎಂದು ಹೆಸರು. ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಅದೇ ಹೆಚ್ಚುಕಡಿಮೆ ಲೋರೇನ್ ಎಂದಾಗುವುದು! ಆ ವಂಶದ ವೀರನೊಬ್ಬನು ಒಂದೇ ಬಾಣದಿಂದ ಮೂರು ಹಕ್ಕಿಗಳನ್ನು ಹೊಡೆದನೆಂಬ ಐತಿಹ್ಯವನ್ನೂ ಜನರು ಹೇಳುತ್ತಾರೆ. ಚಿತ್ರಕಾವ್ಯದಲ್ಲಿ ನಮ್ಮ ಪಂಡಿತರು ಪಡುತ್ತಿದ್ದ ಶ್ರಮವನ್ನೇ ಅಲ್ಲಿನ ಲಾಂಛನಕಾರರೂ ಪಟ್ಟಿದ್ದಾರೆ.

ಇಷ್ಟು ಪೀಠಿಕೆಯ ನಂತರ ಚೀಟಿಗಳ ಇತಿಹಾಸಕ್ಕೆ ಬರುವೆನು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ, 1790ನೆಯ ಇಸವಿಯಲ್ಲಿ, ಹಳೆಯ ಪ್ರಾಂತಗಳನ್ನು ತೊಡೆದುಹಾಕಿ ದೇಶವನ್ನು 83 ಜಿಲ್ಲೆಗಳಾಗಿ ವಿಭಾಗಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಕುಲೀನರ ಬಿರುದುಗಳೊಡನೆ ಲಾಂಛನಗಳನ್ನೂ ರದ್ದುಮಾಡಿದರು. ಹೀಗೆ ಹೊರಗೆ ಹಾಕಲ್ಪಟ್ಟ ಪ್ರಾಂತಗಳೂ ಲಾಂಛನಗಳೂ ಒಂದೂವರೆ ಶತಮಾನದ ಮೇಲೆ ಅಂಚೆಚೀಟಿಗಳ ಮೂಲಕ ಸಾಲುಸಾಲಾಗಿ ಮರಳಿಬಂದುವು. ಯಾವಾಗ? ದೇಶವು ಸೋತು ನೆಲ ಕಚ್ಚಿದ್ದಾಗ.

1940ರಲ್ಲಿ ಜರ್ಮನರು ಫ್ರಾನ್ಸನ್ನು ಜಯಿಸಿದರು. ವೀಶಿ ಪಟ್ಟಣದಲ್ಲಿ ವೃದ್ಧ ಸೇನಾನಿ ಪೆತ್ಯಾಂ ನಡೆಸಿದ ಆಡಳಿತವು 'ಗಣರಾಜ್ಯ' ಎಂಬ ಹೆಸರನ್ನೇ ಕೈಬಿಟ್ಟು 'ಫ್ರೆಂಚ್ ರಾಜ್ಯ' ಎಂದು ಕರೆಸಿಕೊಂಡಿತು. ಹಳೆಯ ಪ್ರಾಂತಗಳು, ಹಳೆಯ ಕಸುಬುಗಳು, ಹಳೆಯ ಆಚಾರಗಳು ಇವುಗಳಲ್ಲಿ ಆ ಆಡಳಿತಕ್ಕೆ ಒಲವು ಹೆಚ್ಚು. 1941ರಲ್ಲಿ ಹನ್ನೆರಡು ನಗರಗಳ, 1942ರಲ್ಲಿ ಮತ್ತೆ ಹನ್ನೆರಡು ನಗರಗಳ ಲಾಂಛನಗಳು ಚೀಟಿಗಳ ಮೇಲೆ ಬಂದುವು. ಇವು ಸಂಕಷ್ಟನಿಧಿಗಾಗಿ ಹೆಚ್ಚು ಬೆಲೆಗೆ ಮಾರಿದ ಚೀಟಿಗಳು. ಪ್ಯಾರಿಸಿನ ಚೀಟಿಗೆ ಅಂಚೆಯ ಬೆಲೆ 10 ಫ್ರಾಂಕು, ನಿಧಿಗೆ ಮತ್ತೆ 10 ಫ್ರಾಂಕು. 1943ರಲ್ಲಿ ಪ್ರಾಂತಗಳ ಸರದಿಯು ಆರಂಭವಾಯಿತು. ಆ ವರ್ಷ ಲಿಯೋನೇ, ಬ್ರಿಟನಿ, ಪ್ರೊವಾನ್ಸ್, ಈಲ್-ದ-ಫ್ರಾನ್ಸ್. 1944ರಲ್ಲಿ ಫ್ಲಾಂಡರ್ಸ್, ಲಾಂಗ್‌ದಾಕ್, ಓರ್ಲೆಯಾನೇ, ನಾರ್ಮಂಡಿ. ಪ್ರಾಂತಗಳ ಚೀಟಿಗಳು ಹಲವು ಬಣ್ಣಗಳಲ್ಲಿ ಅಚ್ಚಾದುವು. ರೊಬೇರ್ ಲೂಯಿ ಎಂಬ ಲಾಂಛನ ಚಿತ್ರಕಾರನ ಕೈವಾಡವು ಈ ಮಾಲೆಯಲ್ಲಿ ಎದ್ದುಕಾಣುತ್ತದೆ.

ಇನ್ನು ನನ್ನ ಸ್ವಂತ ಅನುಭವವನ್ನು ಹೇಳಬೇಕು. ನಾನು ಮೊದಲು ಈ ಚೀಟಿಗಳನ್ನು ಹೆಸರುಗಳ ಅಕಾರಾದಿ ಕ್ರಮದಲ್ಲಿ ಅಂಟಿಸಿದ್ದೆನು. ನಿಘಂಟುಗಳ ನಡುವೆ ಜೀವಮಾನ ಕಳೆದವನಿಗೆ ಬೇರೆ ಯಾವ ಕ್ರಮವೂ ತೋಚಲಿಲ್ಲ. ಅಲ್ಸಾಸ್ ಮೊದಲಿಗೆ ಬಂದಿತು. ನೋಡುವುದಕ್ಕೆ ಪುಟವು ಅಂದವಾಗಿಯೇ ಇದ್ದಿತು. ಒಂದು ರಜೆಯಲ್ಲಿ ಬಂದಿದ್ದ ನನ್ನ ಮೊಮ್ಮಗಳು ಅವುಗಳನ್ನು ಇಸವಿಯ ಪ್ರಕಾರ ಮೇಜಿನ ಮೇಲೆ ಹರಡಿಕೊಂಡು, ಭೂಪಟದಲ್ಲಿ ಒಂದೊಂದು ಪ್ರಾಂತವನ್ನೂ ಬಣ್ಣದ ಸೀಸದಕಡ್ಡಿಯಿಂದ ತುಂಬುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ತಾತಾ, ಯುದ್ಧ ಮುಗಿಯೋವರೆಗೂ ಈ ಅಂಚೆಲ್ಲ ಯಾಕೆ ಖಾಲಿ? ಮುಗಿದ ಕೂಡಲೆ ನಾಲ್ಕೂ ಅಂಚಿನವೇ ಬಂದ್ವಲ್ಲ?" ಎಂದು ಕೇಳಿದಳು.

ನಾನು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದೆನು. ಮಗುವಿನ ಮಾತು ನಿಜ. ಯುದ್ಧಾನಂತರ, 1946ರಲ್ಲಿ, ಗಣರಾಜ್ಯವು ಹೊರಡಿಸಿದ ಮೊದಲ ನಾಲ್ಕು ಪ್ರಾಂತಲಾಂಛನಗಳು ಇವು: ಕಾರ್ಸಿಕಾ, ಅಲ್ಸಾಸ್, ಲೋರೇನ್, ನೀಸ್ ಕೌಂಟಿ. ದೇಶದ ಈ ನಾಲ್ಕು ಅಂಚುಗಳ ಚರಿತ್ರೆಯನ್ನು ಒಮ್ಮೆ ನೋಡಿರಿ.

ಅಲ್ಸಾಸನ್ನೂ ಲೋರೇನಿನ ಒಂದು ಭಾಗವನ್ನೂ ಜರ್ಮನರು 1871ರಲ್ಲಿ ಕಿತ್ತುಕೊಂಡಿದ್ದರು. ಮೊದಲ ಮಹಾಯುದ್ಧದ ಕೊನೆಯಲ್ಲಿ ಅವು ಫ್ರಾನ್ಸಿಗೆ ಮರಳಿದುವು. 1940ರಲ್ಲಿ ಜರ್ಮನರು ಅವನ್ನು ಮತ್ತೆ ತಮ್ಮ ರಾಜ್ಯಕ್ಕೇ ಸೇರಿಸಿಕೊಂಡರು. ಅಲ್ಸಾಸಿನಲ್ಲಿ ಫ್ರೆಂಚ್ ಭಾಷೆಯನ್ನು ನಿಷೇಧಿಸಿದರು; ಊರುಗಳ ಹೆಸರನ್ನಲ್ಲದೆ ಮನುಷ್ಯರ ಹೆಸರನ್ನೂ ಜರ್ಮನ್ ರೂಪಕ್ಕೆ ತಿರುಗಿಸಿದರು. ಆ ಎರಡು ಸೀಮೆಗಳಿಂದ ಸುಮಾರು 1,30,000 ಜನರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿದರು. ಅಂಚೆಯೂ ಇದಕ್ಕೆ ಹೊರತಾಗಲಿಲ್ಲ. 1940ರಲ್ಲಿ ಹಿಂಡೆನ್‌ಬರ್ಗನ ಮುಖವಿದ್ದ ಜರ್ಮನ್ ಚೀಟಿಗಳ ಮೇಲೆ 'ಎಲ್ಸಾಸ್' ಎಂದೂ 'ಲೋಟ್ರಿಂಗೆನ್' ಎಂದೂ ಜರ್ಮನ್ ಹೆಸರುಗಳನ್ನು ಅಡ್ಡಲಾಗಿ ಒತ್ತಿ ಅಲ್ಲಿ ಮಾರಿದರು. ಇತ್ತ ಕಾರ್ಸಿಕಾ ನೀಸ್‌ಗಳ ಮೇಲೆ ಮುಸ್ಸೊಲಿನಿಯ ಇಟಲಿಗೆ ಕಣ್ಣು. 1942ರ ನವೆಂಬರಿನಲ್ಲಿ ಇಟಲಿಯ ಸೈನ್ಯವು ಎರಡನ್ನೂ ಹಿಡಿಯಿತು. ಕಾರ್ಸಿಕಾ 1943ರ ಅಕ್ಟೋಬರಿನಲ್ಲಿ, ನೀಸ್ 1944ರ ಆಗಸ್ಟಿನಲ್ಲಿ, ಅಲ್ಸಾಸಿನ ಮುಖ್ಯನಗರವಾದ ಸ್ಟ್ರಾಸ್‌ಬೂರ್ಗ್ ಅದೇ ವರ್ಷದ ನವೆಂಬರಿನಲ್ಲಿ ಬಿಡುಗಡೆಯಾದುವು.

ಎಂಟೇ ಪ್ರಾಂತಗಳು ಬಂದಿದ್ದ ಕಾಲದಲ್ಲಿ ನಾಲ್ಕು ಪ್ರಾಂತಗಳು ಬಾರದೆ ಇದ್ದುದರಿಂದ ಏನೂ ಸಿದ್ಧವಾಗದೆಂದು ತಾರ್ಕಿಕರು ಹೇಳಬಹುದು. ಒಪ್ಪಿದೆನು. ಆದರೆ ಯುದ್ಧವು ಮುಗಿದ ಮೇಲೆ ಮೊದಲು ಬಂದ ನಾಲ್ಕೂ, ಶತ್ರುವು ತನ್ನದೆಂದು ಹೇಳಿಕೊಂಡಿದ್ದ ನೆಲಗಳೇ ಆಗಿರುವುದನ್ನು ಕಾಕತಾಳೀಯನ್ಯಾಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಡಂಬಡದು. ಅವುಗಳ ಬೆಲೆಯನ್ನೂ ಗಮನಿಸಿರಿ: 10, 30, 50, 60 ಸಾಂತೀಮುಗಳು. ಅಂಚೆವೆಚ್ಚಕ್ಕೆ ಕೊರತೆ ಬಿದ್ದ ಚಿಲ್ಲರೆಯನ್ನು ತುಂಬಲು ಹಚ್ಚುವ ಅತ್ಯಲ್ಪ ಬೆಲೆಯ ಚೀಟಿಗಳವು. ಭಾಷಣ ಕೇಳದವನ ಕೈಗೂ, ಪತ್ರಿಕೆ ಓದದವನ ಮನೆಗೂ ಅವು ಹೋಗಿ, 'ಇದು ನಮ್ಮದು' ಎಂಬ ಮಾತನ್ನು ತಲುಪಿಸಿದುವು.

ವೀಶಿಯವರು ತೊಡಗಿಸಿದ ಮಾಲೆಯನ್ನು ಅವರ ವಿರೋಧಿಗಳಾದ ಗಣರಾಜ್ಯದವರು ನಿಲ್ಲಿಸಲಿಲ್ಲವೆಂಬುದೂ ವಿಚಾರಾರ್ಹವಾಗಿದೆ. ಲಾಂಛನವು ಪೆತ್ಯಾಂನದಲ್ಲ, ನೆಲದ್ದು ಎಂದು ಅವರು ಭಾವಿಸಿದಂತೆ ತೋರುವುದು. 1955ರ ವರೆಗೂ ಪ್ರಾಂತಗಳು ಬರುತ್ತಲೇ ಇದ್ದುವು. ಬೆಯಾರ್ನಿನ ಕೊರಳಗಂಟೆಯ ಕೆಂಪು ಹಸುಗಳೂ ನವಾರಿನ ಬಂಗಾರದ ಸರಪಣಿಗಳೂ ಹೀಗೆ ಬಂದವುಗಳೇ. 1958ರಿಂದ ನಗರಗಳ ಹೊಸ ಮಾಲೆಯೊಂದು ಮೊದಲಾಯಿತು. ಅಲೆಗಳ ಮೇಲೆ ತೂಗಾಡಿದರೂ ಮುಳುಗದ ಪ್ಯಾರಿಸಿನ ಹಡಗು 1965ರ 30 ಸಾಂತೀಮಿನ ಚೀಟಿಯಲ್ಲಿದೆ.

ಆದರೆ ಈ ಹೊಸ ಮಾಲೆಯಲ್ಲಿಯೇ, 1960ರ ಸುಮಾರಿನಲ್ಲಿ, ಸಮುದ್ರದಾಚೆಯ ಅಲ್ಜಿಯರ್ಸ್ ಮತ್ತು ಓರಾನ್ ನಗರಗಳ ಲಾಂಛನಗಳೂ ಬಂದುವೆಂಬುದನ್ನು ಮರೆಯಬಾರದು. ಅಲ್ಜೀರಿಯವು ಫ್ರಾನ್ಸಿನ ಅಂಗವೇ ಎಂದು ಫ್ರೆಂಚರು ಸಾಧಿಸುತ್ತಿದ್ದ, ಅಲ್ಲಿನ ಜನರು ಸ್ವಾತಂತ್ರ್ಯಕ್ಕಾಗಿ ರಕ್ತ ಸುರಿಸುತ್ತಿದ್ದ ಕಾಲವದು. 1962ರ ಜುಲೈಯಲ್ಲಿ ಅಲ್ಜೀರಿಯವು ಸ್ವತಂತ್ರವಾಯಿತು. ಅಲ್ಸಾಸಿನ ಚೀಟಿಯಲ್ಲಿ 'ಇದು ನಮ್ಮದು' ಎಂದುದೂ ಅದೇ ಅಂಚೆ. ಅಲ್ಜಿಯರ್ಸಿನ ಚೀಟಿಯಲ್ಲಿ 'ಇದು ನಮ್ಮದು' ಎಂದುದೂ ಅದೇ ಅಂಚೆ. ಒಂದನ್ನು ಅಲ್ಲಿನ ಜನರು ಒಪ್ಪಿದರು, ಇನ್ನೊಂದನ್ನು ಒಪ್ಪಲಿಲ್ಲ. ಚೀಟಿಯು ಹೇಳಿದ ಮಾತ್ರಕ್ಕೆ ನೆಲವು ಯಾರದೂ ಆಗದು.

ಇನ್ನು ಈ ಚೀಟಿಗಳನ್ನು ಇಡುವ ಕ್ರಮವನ್ನು ಹೇಳಿ ಮುಗಿಸುವೆನು. ಇವುಗಳಲ್ಲಿ ಬಹುಪಾಲು ಇಂದಿಗೂ ಅಗ್ಗವಾಗಿಯೇ ದೊರೆಯುತ್ತವೆ. ಆದುದರಿಂದ ಮನೆಯ ಮಕ್ಕಳಿಗೆ ತಕ್ಕ ಸಂಗ್ರಹವಿದು. ಬಾಲ್ಯದಲ್ಲಿ ನಾನು ಮೈದಾಹಿಟ್ಟಿನ ಅಂಟಿನಿಂದ ಚೀಟಿಗಳನ್ನು ನೋಟುಬುಕ್ಕಿಗೆ ಮೆತ್ತಿದೆನು. ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದು, ಹುಳು ಬಿದ್ದು, ಅರ್ಧಕ್ಕರ್ಧ ಹಾಳಾದುವು. ಹಾಗೆ ಮಾಡಬೇಡಿರಿ. ಉಪಯೋಗಿಸಿದ ಚೀಟಿಯನ್ನು ಲಕೋಟೆಯ ತುಂಡಿನೊಡನೆ ತಣ್ಣೀರಿನಲ್ಲಿ ತೇಲಿಬಿಟ್ಟು, ತಾನಾಗಿ ಬಿಟ್ಟುಕೊಂಡ ಮೇಲೆ ತೆಗೆದು, ಒತ್ತುಕಾಗದದ ಮೇಲೆ ಬೋರಲಾಗಿ ಒಣಗಿಸಿ, ದಪ್ಪ ಪುಸ್ತಕದೊಳಗಿಟ್ಟು ಚಪ್ಪಟೆ ಮಾಡಬೇಕು. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆಯಾಗಿಯೇ ನೆನೆಯಿಸಬೇಕು. ಇಲ್ಲವಾದರೆ ಬಣ್ಣವು ಚೀಟಿಗೆ ಹತ್ತುವುದು. ಬೆರಳಿಗೆ ಬದಲಾಗಿ ತುದಿ ಮೊಂಡಾದ ಚಿಮುಟವನ್ನು ಬಳಸಬೇಕು. ಹೊಸ ಚೀಟಿಗಳಿಗೆ ಹಿಂದಿನಿಂದ ಏನನ್ನೂ ಅಂಟಿಸದೆ, ಪಾರದರ್ಶಕವಾದ ಸಣ್ಣ ಚೀಲಗಳಲ್ಲಿಡುವುದು ಲೇಸು. ಹಿನ್ನೆಲೆಯು ಕಪ್ಪಾಗಿದ್ದರೆ ಅಂಚಿನ ಹಲ್ಲುಗಳು ಚೆನ್ನಾಗಿ ಕಾಣುವುವು. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುವವರು ಬಿಸಿಲು ಬೀಳದ ಗೋಡೆಯನ್ನು ಆರಿಸಬೇಕು. ಬಣ್ಣಗಳನ್ನು ಒಂದೊಂದಾಗಿ ಅಚ್ಚೊತ್ತಿರುವುದರಿಂದ ಕೆಲವು ಪ್ರತಿಗಳಲ್ಲಿ ಬಣ್ಣವು ಗೆರೆ ದಾಟಿರುವುದು. ಅಂತಹವನ್ನು ಕೆಟ್ಟುದೆಂದು ಬಿಸಾಡದೆ ಸರಿಯಾದ ಪ್ರತಿಯ ಪಕ್ಕದಲ್ಲಿಟ್ಟು ತೋರಿಸಿರಿ.

ನನ್ನ ಆಲ್ಬಮಿನ ಕ್ರಮವನ್ನು ಈಗ ಬದಲಾಯಿಸಿದ್ದೇನೆ. ಅಕಾರಾದಿಯು ಹೋಗಿ ಇಸವಿಯು ಬಂದಿದೆ. 1943 ಮತ್ತು 1944ರ ಎಂಟು ಚೀಟಿಗಳ ಪುಟದಲ್ಲಿ ನಾಲ್ಕು ಖಾಲಿ ಮನೆಗಳನ್ನು ಸೀಸದಕಡ್ಡಿಯಿಂದ ಬರೆದಿಟ್ಟಿದ್ದೇನೆ. ಅದು ಮೊಮ್ಮಗಳ ಸಲಹೆ. ಎದುರು ಪುಟದಲ್ಲಿ 'ಎಲ್ಸಾಸ್' ಎಂದು ಒತ್ತಿರುವ ಹಿಂಡೆನ್‌ಬರ್ಗನ ಚೀಟಿ, ಅದರ ಕೆಳಗೆ 1946ರ ನಾಲ್ಕು ಲಾಂಛನಗಳು. ಕೊನೆಯ ಪುಟದಲ್ಲಿ ಅಲ್ಜಿಯರ್ಸ್, ಓರಾನ್. ಮನೆಗೆ ಬಂದವರಲ್ಲಿ ಹಲವರು ಬಣ್ಣಗಳನ್ನು ನೋಡಿ ಮೆಚ್ಚಿ ಹೋಗುತ್ತಾರೆ. ಆ ಖಾಲಿ ಮನೆಗಳೇಕೆಂದು ಕೇಳುವವರು ಕೆಲವರು. ಕೇಳಿದವರಿಗೆ ಒಂದು ಲೋಟ ಕಾಫಿ ಹೆಚ್ಚಾಗಿ ಸಲ್ಲುತ್ತದೆ.