ಗೆಳೆಯನಿಗೆ ಚಿಗರಿ ಹೊಡೆಯುವ ಬಂದೂಕನ್ನು ಕಾಣಿಕೆ ಕೊಡಬಹುದೇ?

ಮಕ್ತಲ್ ಕಡೆಯ ವಾಚಕರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಬಾಲ್ಯದ ಗೆಳೆಯರ ಹೊಲ ಕೃಷ್ಣಾ ನದಿಯ ಕಡೆಗಿದೆ. ಹತ್ತಿ, ತೊಗರಿ ಎರಡೆಲೆ ಒಡೆಯುವಷ್ಟರಲ್ಲಿ ಚಿಗರಿಗಳ ಹಿಂಡು ಬಂದು ಮೇಯ್ದು ಹೋಗುತ್ತದೆ. ಒಂದೇ ಹೊಲಕ್ಕೆ ಎರಡು ಸಲ ಬೀಜ ಹಾಕಬೇಕಾಗಿ ಬಂದು ಗೆಳೆಯರು ಸಾಲದಲ್ಲಿದ್ದಾರೆ. ಅಮೆರಿಕೆಯಲ್ಲಿ ನೌಕರಿ ಮಾಡುವ ಈ ವಾಚಕರ ತಂಗಿಯ ಮಗ, ಅಲ್ಲಿಯ ಜನ ಜಿಂಕೆ ಹೊಡೆಯಲು ಬಳಸುವ ಸನ್ನೆಯ ರೈಫಲನ್ನು ಬಹಳ ಹೊಗಳಿದ್ದಾನಂತೆ. “ಅಂಥದೊಂದನ್ನು ಗೆಳೆಯನಿಗೆ ಕೊಡಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ?” ಎಂದು ಕೇಳಿದ್ದಾರೆ.

ಗೆಳೆಯನ ಕಷ್ಟಕ್ಕೆ ಮರುಗುವ ಮನಸ್ಸು ದೊಡ್ಡದು. ಆದರೆ ಈ ಕಾಣಿಕೆ ಬೇಡವೆಂದೇ ನಾವು ಹೇಳುತ್ತೇವೆ. ಏಕೆ ಬೇಡ, ಅದರ ಬದಲು ಏನು ಕೊಡಬಹುದು ಎಂಬುದನ್ನು ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಎಲ್ಲ ರೈತ ಬಾಂಧವರಿಗೂ ತಿಳಿಯುವಂತೆ ವಿವರಿಸುತ್ತೇವೆ.

ಆ ಬಂದೂಕು ಎಂಥದು?

ಕುದುರೆಯ ಸುತ್ತ ಬೆರಳು ತೂರಿಸಲು ಉಂಗುರದಂಥ ಒಂದು ಸನ್ನೆ ಇರುತ್ತದೆ. ಅದನ್ನು ಕೆಳಗೆ ಮುಂದಕ್ಕೆ ತಳ್ಳಿದರೆ ಸುಟ್ಟ ತೋಟೆ ಹೊರಗೆ ಹಾರುತ್ತದೆ. ಮೇಲಕ್ಕೆ ಎಳೆದರೆ ಹೊಸ ತೋಟೆ ಒಳಗೆ ಕೂಡುತ್ತದೆ. ಇವುಗಳಲ್ಲಿ ಹೆಸರಾದದ್ದು ಜಾನ್ ಬ್ರೌನಿಂಗ್ ಎಂಬವನು ರೂಪಿಸಿದ ೧೮೯೪ರ ವಿಂಚೆಸ್ಟರ್. ಅದಕ್ಕೆ ೧೮೯೫ರಲ್ಲಿ ‘ಮೂವತ್ತು-ಮೂವತ್ತು’ ಎಂಬ ತೋಟೆ ಬಂತು. ಮೊದಲ ಮೂವತ್ತು ನಳಿಗೆಯ ಅಳತೆ, ಅಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು. ಎರಡನೆಯದು ಮದ್ದಿನ ತೂಕ.

ಈ ಬಂದೂಕಿನಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಕೂತಿರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನ ತೋಟೆಯ ಹಿಂಬದಿಗೆ ತಾಗಿ ಕೊಳವೆಯಲ್ಲಿಯೇ ಸಿಡಿಯಬಹುದು. ಆದ್ದರಿಂದ ಮೂತಿ ಚಪ್ಪಟೆಯಾದ ಗುಂಡುಗಳನ್ನೇ ಹಾಕುತ್ತ ಬಂದರು. ಚಪ್ಪಟೆ ಗುಂಡಿನ ವೇಗ ಗಾಳಿಯಲ್ಲಿ ಬೇಗ ಕುಗ್ಗುತ್ತದೆ. ನೂರೈವತ್ತು ಇನ್ನೂರು ಗಜದೊಳಗೆ, ಮರಗಿಡ ದಟ್ಟವಾದ ಅಡವಿಯಲ್ಲಿ, ಥಟ್ಟನೆ ಎದುರಾದ ಜಿಂಕೆಗೆ ಅದು ಸರಿ. ಅಲ್ಲಿಯೂ ಸರ್ಕಾರದ ಪರವಾನಗಿ ಪಡೆದು, ಗೊತ್ತುಮಾಡಿದ ಋತುವಿನಲ್ಲಿ, ಗೊತ್ತುಮಾಡಿದಷ್ಟನ್ನೇ ಹೊಡೆಯಬೇಕು.

ನಮ್ಮ ಸೀಮೆ ಅಂಥದಲ್ಲ. ಎರೆಹೊಲ ಬಯಲಾಗಿದೆ, ಚಿಗರಿ ದೂರದಿಂದಲೇ ಮನುಷ್ಯನನ್ನು ಕಂಡು ಓಡುತ್ತದೆ. ಗುರಿ ತಪ್ಪಿದ ಗುಂಡು ತಡೆಯಿಲ್ಲದ ಬಯಲಿನಲ್ಲಿ ಒಂದು ಮೈಲಿಗೂ ಮೀರಿ ಹೋಗಬಲ್ಲದು. ಆ ಹೊತ್ತಿನಲ್ಲಿ ಅತ್ತ ಕುರಿ ತರುಬಿದವರಿರುತ್ತಾರೆ, ರಾತ್ರಿ ಕರೆಂಟು ಬಂತೆಂದು ಮೋಟಾರು ಹಾಕಲು ಹೋದವರಿರುತ್ತಾರೆ. ಬೆಳೆಗಾಗಿ ಹಾರಿಸಿದ ಗುಂಡು ನೆರೆಯವನ ಮಗನಿಗೆ ತಾಗಿದರೆ ಯಾವ ಬೆಳೆಯಿಂದ ಆ ಸಾಲ ತೀರೀತು?

ಚಿಗರಿಯ ಕಾಯಿದೆ

ನಾವು ಚಿಗರಿ ಎನ್ನುವುದನ್ನು ಪುಸ್ತಕದಲ್ಲಿ ಕೃಷ್ಣಮೃಗ ಎನ್ನುತ್ತಾರೆ. ತೆಲುಗಿನವರಿಗೆ ಅದು ಕೃಷ್ಣಜಿಂಕ. ನಿಜವಾಗಿ ಅದು ಜಿಂಕೆಯ ಜಾತಿಯದಲ್ಲ. ಜಿಂಕೆಯ ಕೊಂಬು ಉದುರಿ ಹೊಸತು ಬರುತ್ತದೆ, ಚಿಗರಿಯ ಸುರುಳಿ ಕೊಂಬು ಉದುರುವುದಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದು ಮೊದಲನೆಯ ಪಟ್ಟಿಯಲ್ಲಿದೆ. ಈ ಪಟ್ಟಿಯ ಪ್ರಾಣಿಯನ್ನು ಹೊಡೆಯಲು ಅಪ್ಪಣೆ ಸಿಗುವುದು ಎರಡೇ ಕಾರಣಕ್ಕೆ: ಮನುಷ್ಯರ ಜೀವಕ್ಕೆ ಅದು ಅಪಾಯವಾದಾಗ, ಇಲ್ಲವೆ ವಾಸಿಯಾಗದಂತೆ ರೋಗ ಅಥವಾ ಊನ ತಗಲಿದಾಗ. ಆ ಅಪ್ಪಣೆಯನ್ನು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರೇ ಬರಹದಲ್ಲಿ ಕೊಡಬೇಕು. ಬೆಳೆ ಮೇಯ್ದಿತೆಂಬುದು ಚಿಗರಿಯ ವಿಷಯದಲ್ಲಿ ಕಾರಣವಾಗುವುದಿಲ್ಲ.

ಅಡವಿಹಂದಿಯ ಮಾತು ಬೇರೆ. ಅದು ಎರಡನೆಯ ಪಟ್ಟಿಯದು. ನಿಂತ ಬೆಳೆಗೆ ಹಾನಿಯಾದರೆ ಮುಖ್ಯ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬರಹದಲ್ಲಿ ಅಪ್ಪಣೆ ಕೊಡಬಹುದು. ಆದರೆ ಹಂದಿಗೆ ಸಿಕ್ಕ ಅಪ್ಪಣೆ ಚಿಗರಿಗೆ ನಡೆಯುವುದಿಲ್ಲ.

ಮೊದಲನೆಯ ಪಟ್ಟಿಯ ಪ್ರಾಣಿಯನ್ನು ಕೊಂದರೆ ೩ ವರ್ಷಕ್ಕೆ ಕಡಿಮೆಯಿಲ್ಲದೆ ೭ ವರ್ಷದವರೆಗೆ ಸೆರೆ. ೨೦೨೨ರ ತಿದ್ದುಪಡಿಯ ಮೇಲೆ ಕನಿಷ್ಠ ದಂಡ ೨೫,೦೦೦ ರೂಪಾಯಿ. ಹೊಲದ ಗೆಳೆಯರು ಸೆರೆಗೆ ಹೋಗಬೇಕಾದೀತು ಎಂಬುದನ್ನು ಲಕ್ಷ್ಯದಲ್ಲಿಡಬೇಕು.

ಬಂದೂಕಿನ ಕಾಯಿದೆ

ಮದುವೆಯಲ್ಲಿ ಕೈಗಡಿಯಾರ ಕೊಟ್ಟಂತೆ ಬಂದೂಕನ್ನು ಕೊಡಲಾಗದು. ೧೯೫೯ರ ಆಯುಧ ಕಾಯಿದೆಯಂತೆ ಬಂದೂಕು ಇಟ್ಟುಕೊಳ್ಳುವವರ ಹೆಸರಿನಲ್ಲಿಯೇ ಲೈಸನ್ಸು ಇರಬೇಕು; ಅವರಿಗೆ ೨೧ ವರ್ಷ ತುಂಬಿರಬೇಕು. ತನ್ನ ಲೈಸನ್ಸಿನ ಬಂದೂಕನ್ನು ಇನ್ನೊಬ್ಬ ಲೈಸನ್ಸುದಾರನಿಗೆ ಕೊಡಬೇಕೆಂದರೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಮೊದಲು ಬರೆದು ತಿಳಿಸಿ, ಕನಿಷ್ಠ ೪೫ ದಿನ ಕಾಯಬೇಕು. ಪರದೇಶದಿಂದ ಬಂದೂಕು ತರುವುದಕ್ಕೂ ಬೇರೆ ಲೈಸನ್ಸು ಬೇಕು. ತಂಗಿಯ ಮಗ ಪೆಟ್ಟಿಗೆಯಲ್ಲಿಟ್ಟು ತರುವ ವಸ್ತುವಲ್ಲ ಅದು. ಲೈಸನ್ಸಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ೨೦೧೯ರ ತಿದ್ದುಪಡಿಯಂತೆ ೨ರಿಂದ ೫ ವರ್ಷ ಸೆರೆ.

ಬೆಳೆ ಕಾಯಲು ಲೈಸನ್ಸೇ ಇಲ್ಲವೇ ಎಂದರೆ, ಇದೆ. ಕಾಯಿದೆ ಅದಕ್ಕೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ರೈಫಲು ಬೇಕೆಂದರೆ ಅಧಿಕಾರಿಗೆ ಒಪ್ಪಿಗೆಯಾಗುವ ತಕ್ಕ ಕಾರಣ ತೋರಿಸಬೇಕು. ಆದರೆ ಯಾವ ಬಂದೂಕಿನ ಲೈಸನ್ಸಾದರೂ ಚಿಗರಿಯನ್ನು ಕೊಲ್ಲುವ ಅಪ್ಪಣೆಯಲ್ಲ. ಇವೆರಡೂ ಬೇರೆ ಬೇರೆ ಕಾಗದಗಳು.

ಹಾಗಾದರೆ ಏನು ಕೊಡಬೇಕು?

ಚಿಗರಿಯ ಹಾನಿ ಹೆಚ್ಚಾಗಿ ಸಸಿ ಎಳೆಯದಾಗಿರುವ ಮೊದಲ ಕೆಲವು ವಾರಗಳದು. ಆ ವಾರಗಳನ್ನು ದಾಟಿಸುವುದೇ ಗೆಳೆಯರಿಗೆ ಮಾಡುವ ದೊಡ್ಡ ಉಪಕಾರ. ಬಂದೂಕಿಗೆಂದು ತೆಗೆದಿಟ್ಟ ಹಣದಲ್ಲಿ ಈ ಕೆಲಸಗಳಾಗುತ್ತವೆ:

ಒಂದು, ಬೇಲಿ. ಸೂರ್ಯಶಕ್ತಿಯಿಂದ ನಡೆಯುವ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಕ್ಷಣಕಾಲದ ಪೆಟ್ಟು ಕೊಡುತ್ತದೆ; ಪ್ರಾಣಿ ಬೆದರಿ ಹಿಂದಿರುಗುತ್ತದೆ, ಸಾಯುವುದಿಲ್ಲ. ಒಬ್ಬರಿಗೆ ಭಾರವಾದರೆ ಬದು ಕೂಡಿದ ನಾಲ್ಕು ಹೊಲದವರು ಸೇರಿ ಹಾಕಿಸಬಹುದು. ಗೆಳೆಯರ ಪಾಲಿನ ಹಣ ನಿಮ್ಮ ಕಾಣಿಕೆಯಾಗಲಿ. ಆದರೆ ಕಂಬದ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವುದನ್ನು ಯಾರೂ ಮಾಡಬಾರದು. ಅದರಿಂದ ದನವೂ ಸತ್ತಿವೆ, ಜನವೂ ಸತ್ತಿದ್ದಾರೆ.

ಎರಡು, ಕಾವಲು. ಒಳ್ಳೆಯ ಬ್ಯಾಟರಿ ದೀಪ, ಅಟ್ಟಣೆಗೆ ಬೇಕಾದ ಬೊಂಬು, ಹೊಲದ ಸುತ್ತ ಕಟ್ಟಲು ಹಳೆಯ ಸೀರೆಗಳು. ಮುಖ್ಯವಾಗಿ, ಸರದಿಯ ಮೇಲೆ ನಾಲ್ಕು ರಾತ್ರಿ ಗೆಳೆಯರ ಜತೆ ನೀವೂ ಕುಳಿತಿರಿ.

ಮೂರು, ಒಟ್ಟಿಗೆ ಬಿತ್ತನೆ. ಸುತ್ತಿನ ಹೊಲಗಳು ಬರಿದಾಗಿ ಒಂದೇ ಹೊಲ ಹಸಿರಾಗಿದ್ದರೆ ಇಡೀ ಹಿಂಡು ಅದರ ಮೇಲೆಯೇ ಬೀಳುತ್ತದೆ. ನೆರೆಯವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ.

ನಾಲ್ಕು, ಅರ್ಜಿ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಬಹುದು. ಹೆಜ್ಜೆಯ ಜಾಡು ಅಳಿಯುವ ಮೊದಲೇ ಫೋಟೊ ತೆಗೆಸಿ, ಪಟ್ಟಾದಾರ್ ಪಾಸ್‌ಬುಕ್ಕಿನ ನಕಲು ಲಗತ್ತಿಸಿ, ಅರ್ಜಿ ಕೊಟ್ಟು ರಸೀದಿ ಪಡೆಯಬೇಕು. ನಮ್ಮವರಲ್ಲಿ ಅನೇಕರು ಕನ್ನಡ ಬಲ್ಲರು, ತೆಲುಗಿನಲ್ಲಿ ಬರೆಯಲಾರರು. ಕಚೇರಿಯ ಮೆಟ್ಟಿಲು ಹತ್ತಲು ಸಂಕೋಚಪಡುತ್ತಾರೆ. ೧೯೫೬ರ ನವೆಂಬರಿನಲ್ಲಿ ರಾಯಚೂರು ಆ ಕಡೆಗೆ, ಗದ್ವಾಲ ಈ ಕಡೆಗೆ ಆದಂದಿನಿಂದ ಈ ತೊಡಕು ನಮ್ಮ ಬೆನ್ನಿಗಿದೆ. ತೆಲುಗು ಬಲ್ಲವರಿಂದ ಅರ್ಜಿ ಬರೆಸಿ, ಗೆಳೆಯರ ಜತೆ ನಾರಾಯಣಪೇಟೆಗೋ ಗದ್ವಾಲಕ್ಕೋ ಒಂದು ದಿನ ಹೋಗಿಬಂದರೆ ಅದೂ ಕಾಣಿಕೆಯೇ.

ಕಾಗದ ಬರೆದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಮುಂದಿನ ಮುಂಗಾರಿಗೆ ಮೊದಲು ಗೆಳೆಯರ ಹೊಲಕ್ಕೆ ಹೋಗಿ, ಚಿಗರಿ ಯಾವ ಬದಿಯಿಂದ ಇಳಿಯುತ್ತದೆಂದು ಅವರ ಜತೆ ನಿಂತು ನೋಡಿರಿ. ಬೇಲಿಯ ಮೊದಲ ಗೂಟವನ್ನು ಅಲ್ಲಿ ನೆಡಿರಿ.