ಗೋಧಿಯ ತುಕ್ಕು ರೋಗವೂ ಅದರ ಬೀಜಕಣದ ಗುಳ್ಳೆಗಳೂ

ಗೋಧಿಯ ಪೈರು ತೆನೆಬಿಡುವ ಕಾಲದಲ್ಲಿ ಹೊಲದೊಳಗೆ ನಡೆದು ಬಂದವರ ಧೋತರದ ಅಂಚಿಗೆ ಕೆಂಪು ಹುಡಿ ಮೆತ್ತಿಕೊಳ್ಳುವುದನ್ನು ರೈತರು ನೋಡಿಯೇ ಇರುವರು. ಇದಕ್ಕೆ ತುಕ್ಕು ರೋಗವೆಂದೂ, ಕೆಲವು ಸೀಮೆಗಳಲ್ಲಿ ಭಂಡಾರ ರೋಗವೆಂದೂ ಹೆಸರು. ಮೋಡ ಕವಿದುದರಿಂದ ಬಂದಿತೆಂದು ಕೆಲವರೂ, ಬಿತ್ತನೆಯ ಬೀಜದ ದೋಷವೆಂದು ಕೆಲವರೂ, ದೃಷ್ಟಿ ತಾಕಿತೆಂದು ಮತ್ತೆ ಕೆಲವರೂ ಹೇಳುವುದುಂಟು. ಇವುಗಳಲ್ಲಿ ಯಾವುದೂ ರೋಗದ ಮೂಲವಲ್ಲ. ಮೂಲವನ್ನು ತಪ್ಪಾಗಿ ತಿಳಿದರೆ ಹಣವೂ ಶ್ರಮವೂ ವ್ಯರ್ಥವಾಗುವುವಾದ್ದರಿಂದ, ಅದನ್ನು ಇಲ್ಲಿ ವಿವರಿಸಲಾಗಿದೆ.

ತುಕ್ಕು ಎಂಬುದು ಜೀವವುಳ್ಳ ಗಿಡದ ರಸವನ್ನೇ ಹೀರಿ ಬದುಕತಕ್ಕ ಒಂದು ಬೂಷ್ಟು. ಇದರ ಎಳೆಗಳು ಗಿಡದ ಒಳಗೆ ಹರಡಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನಮಗೆ ಕಾಣುವುದು ಅದು ತನ್ನ ಬೀಜಕಣಗಳನ್ನು ಹೊರಗೆಡಹುವ ಗುಳ್ಳೆಗಳು ಮಾತ್ರ. ಕರಿ ತುಕ್ಕಿನಲ್ಲಿ ಈ ಗುಳ್ಳೆಗಳು ಉದ್ದವಾಗಿದ್ದು ಹೆಚ್ಚಾಗಿ ದಂಟಿನ ಮೇಲೆ ಏಳುವುವು. ಅವು ಒಡೆದಾಗ ದಂಟಿನ ತೊಗಟೆಯು ಹರಿದು ಅಂಚಿನಲ್ಲಿ ಚಿಂದಿಯಂತೆ ನಿಲ್ಲುವುದು. ಕಂದು ತುಕ್ಕಿನಲ್ಲಿ ಚಿಕ್ಕ ದುಂಡು ಗುಳ್ಳೆಗಳು ಎಲೆಗಳ ಮೇಲೆ ಚೆದರಿ ಏಳುವುವು. ರಸವು ಬೂಷ್ಟಿನ ಪಾಲಾಗಿ, ಹರಿದ ತೊಗಟೆಯಿಂದ ನೀರೂ ಆರಿಹೋಗುವುದರಿಂದ ಕಾಳು ಸೊರಗಿ ಜೊಳ್ಳಾಗುವುದು. 1946-47ನೆಯ ಸಾಲಿನಲ್ಲಿ ಮಧ್ಯ ಭಾರತದಲ್ಲಿ ಕರಿ ತುಕ್ಕು ವ್ಯಾಪಿಸಿ ಗೋಧಿಯ ಬೆಳೆಗೆ ಅಪಾರ ನಷ್ಟವನ್ನುಂಟುಮಾಡಿತು.

ಕೆಂಪು ಗುಳ್ಳೆಯೊಂದರಿಂದ ಸಾವಿರಾರು ಬೀಜಕಣಗಳು ಹೊರಬೀಳುವುವು. ಇವು ಗಾಳಿಯಲ್ಲಿ ತೇಲಿಹೋಗಿ ಬೇರೆ ಗೋಧಿಯ ಗಿಡದ ಮೇಲೆ ಬಿದ್ದು, ಕೆಲವು ಗಂಟೆಗಳ ಕಾಲ ಇಬ್ಬನಿ ನಿಂತರೆ ಮೊಳೆತು ಒಳಹೊಗುವುವು. ಒಂದೆರಡು ವಾರಗಳಲ್ಲಿ ಅಲ್ಲಿಯೂ ಹೊಸ ಗುಳ್ಳೆಗಳೇಳುವುವು. ಮೋಡವೂ ಇಬ್ಬನಿಯೂ ರೋಗವನ್ನು ಹೆಚ್ಚಿಸುವುವೇ ಹೊರತು ಹುಟ್ಟಿಸುವುದಿಲ್ಲ.

ಪೈರು ಮಾಗುವಾಗ ಅದೇ ಗುಳ್ಳೆಗಳು ಕಪ್ಪಾಗುವುವು. ಇವುಗಳಲ್ಲಿ ದಪ್ಪ ಸಿಪ್ಪೆಯ, ಎರಡು ಕೋಣೆಗಳ ಬೀಜಕಣಗಳಿರುವುವು. ಇವು ಕೆಲಕಾಲ ಸುಪ್ತವಾಗಿದ್ದು, ಬಳಿಕ ಮೊಳೆತು ಬೇರೊಂದು ಬಗೆಯ ಸಣ್ಣ ಕಣಗಳನ್ನು ಬಿಡುವುವು. ಆಶ್ಚರ್ಯವೇನೆಂದರೆ, ಈ ಸಣ್ಣ ಕಣಗಳು ಗೋಧಿಯನ್ನು ಹಿಡಿಯಲಾರವು. ಕರಿ ತುಕ್ಕಿನವು ದಾರುಹರಿದ್ರದ ವರ್ಗಕ್ಕೆ ಸೇರಿದ ಬಾರ್ಬೆರಿ ಎಂಬ ಮುಳ್ಳುಪೊದೆಯನ್ನು ಹಿಡಿಯುವುವು. ಆ ಪೊದೆಯ ಎಲೆಯ ಮೇಲ್ಭಾಗದಲ್ಲಿ ಕುಡಿಕೆಯಾಕಾರದ ಗುಳ್ಳೆಗಳೆದ್ದು ಸಿಹಿರಸವನ್ನು ಸುರಿಸುವುವು. ನೊಣಗಳು ಆ ರಸವನ್ನು ಒಂದರಿಂದ ಇನ್ನೊಂದಕ್ಕೆ ಮುಟ್ಟಿಸಿದಾಗ ಕೂಟವಾಗುವುದೆಂಬುದು 1927ರಲ್ಲಿ ತಿಳಿದುಬಂದಿತು. ಅನಂತರ ಎಲೆಯ ತಳಭಾಗದಲ್ಲಿ ಬಟ್ಟಲಿನಂತಹ ಗುಳ್ಳೆಗಳೆದ್ದು, ಅವುಗಳ ಕಣಗಳು ಮರಳಿ ಗೋಧಿಗೆ ತಗಲುವುವು. ಬಾರ್ಬೆರಿಗೂ ಗೋಧಿಗೂ ಇರುವ ಈ ಸಂಬಂಧವನ್ನು ಜರ್ಮನಿಯ ಡಿ ಬಾರಿ ಎಂಬ ಪಂಡಿತರು 1865ರಲ್ಲಿ ಸ್ಥಾಪಿಸಿದರು.

ಆದರೆ ನಮ್ಮ ದೇಶದ ಸಂಗತಿಯೇ ಬೇರೆ. ಆಗ್ರಾ ಕಾಲೇಜಿನ ಕೆ. ಸಿ. ಮೆಹ್ತಾ ಅವರು ಬಹುವರ್ಷ ಶೋಧಿಸಿ, ಇಲ್ಲಿ ರೋಗವು ವರ್ಷವರ್ಷವೂ ಮರುಕಳಿಸುವುದಕ್ಕೆ ಬಾರ್ಬೆರಿಯು ಕಾರಣವಲ್ಲವೆಂದು ತೋರಿಸಿಕೊಟ್ಟರು. ಬಯಲುಸೀಮೆಯ ಬೇಸಿಗೆಯ ತಾಪಕ್ಕೆ ಕೆಂಪು ಕಣಗಳು ಸಾಯುವುವು. ತಂಪಾದ ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ, ತಾನಾಗಿ ಹುಟ್ಟಿದ ಹಾಗೂ ಅಕಾಲದ ಗೋಧಿಯ ಮೇಲೆ ಅವು ಉಳಿದುಕೊಂಡು, ಹಿಂಗಾರಿಯಲ್ಲಿ ಗಾಳಿಯೊಡನೆ ಬಯಲಿಗೆ ಬರುವುವು.

ಇದರಿಂದ ರೈತರು ತಿಳಿಯತಕ್ಕ ಅಂಶಗಳು:

1. ರೋಗವು ಬಿತ್ತನೆಯ ಕಾಳಿನಿಂದ ಬರುವುದಿಲ್ಲ. ಆದ್ದರಿಂದ ತುಕ್ಕಿಗಾಗಿಯೇ ಕಾಳಿಗೆ ಔಷಧ ಲೇಪಿಸುವುದು ನಿಷ್ಫಲ.

2. ಕಪ್ಪು ಗುಳ್ಳೆಗಳಿಗೆ ಹೆದರಿ ಹೊಟ್ಟನ್ನೂ ಕೂಳೆಯನ್ನೂ ಸುಡಬೇಕಾದುದಿಲ್ಲ. ಅದರಿಂದ ದನಗಳ ಮೇವು ಹಾಳಾಗುವುದೇ ಹೊರತು ಮುಂದಿನ ವರ್ಷದ ರೋಗವು ತಪ್ಪದು.

3. ಹದ ತಪ್ಪಿಸದೆ ಬಿತ್ತಬೇಕು. ತಡವಾಗಿ ಬಿತ್ತಿದ ಪೈರು ಕಾಳುಕಟ್ಟುವ ಮೊದಲೇ ರೋಗಕ್ಕೆ ಸಿಕ್ಕುವುದು. ಸಾರಜನಕದ ಗೊಬ್ಬರವನ್ನು ಮಿತಿಮೀರಿ ಹಾಕಬಾರದು.

4. ರೋಗವನ್ನು ತಡೆಯುವ ತಳಿಗಳನ್ನೇ ಆರಿಸಬೇಕು. ಜವೆ ಗೋಧಿಯು ಕರಿ ತುಕ್ಕನ್ನು ಬಹುಮಟ್ಟಿಗೆ ತಡೆಯುವುದು. ಬೂಷ್ಟಿನಲ್ಲಿಯೂ ಹೊಸ ಬಗೆಗಳು ಹುಟ್ಟುವುದರಿಂದ, ಒಂದು ಕಾಲಕ್ಕೆ ತಡೆದ ತಳಿಯು ಎಂದೆಂದಿಗೂ ತಡೆಯುವುದೆಂದು ನಂಬಿರಬಾರದು.

5. ಮೊದಲ ಗುಳ್ಳೆಗಳು ಕಂಡಾಗಲೇ ಶೇಕಡಾ 25ರ ಪ್ರೊಪಿಕೊನಜೋಲ್ ಔಷಧವನ್ನು ಲೀಟರು ನೀರಿಗೆ 1 ಮಿಲಿಲೀಟರಿನಂತೆ ಬೆರಸಿ ಸಿಂಪಡಿಸಬೇಕು. ಗುಳ್ಳೆಗಳು ಕಪ್ಪಾದ ಮೇಲೆ ಸಿಂಪಡಿಸಿದರೆ ಹಣವು ದಂಡವೇ ಸರಿ.

ಗಾಳಿಗೆ ಹೊಲದ ಬದುವಾಗಲಿ ಊರಿನ ಎಲ್ಲೆಯಾಗಲಿ ಇಲ್ಲ. ಒಬ್ಬನ ಹೊಲದ ಗುಳ್ಳೆಯು ಒಂದೆರಡು ವಾರಗಳಲ್ಲಿ ಊರಿನ ಗುಳ್ಳೆಯಾಗುವುದು. ಆದಕಾರಣ ಗ್ರಾಮದ ಮುಖ್ಯಸ್ಥರು ಪೈರು ತೆನೆಬಿಡುವುದಕ್ಕೆ ಮೊದಲಿನಿಂದಲೇ ವಾರಕ್ಕೊಮ್ಮೆ ಹೊಲಗಳನ್ನು ತಿರುಗಿ ನೋಡಿ, ಬೆರಳಿಗೆ ಕೆಂಪು ಹುಡಿ ಹತ್ತಿದೊಡನೆ ನೆರೆಯವರೆಲ್ಲರಿಗೂ ತಿಳಿಸುವುದು ಅತ್ಯವಶ್ಯಕ.